ಡಬ್ಬಿಯೊಳಗಿನ ದನಿ

ಕಂಪ್ಯೂಟರಿನ ಮುಂದೆ ಕೂತಿದ್ದ ಶ್ರೀಕರ್ ಬಾಯಿಂದ ಫಾರ್ಮ್ಯಾಟ್ ಎಂಬ ಮಾತು ಬಿದ್ದ ಕೂಡಲೇ ನಾನು ಅವನ ಕೈ ಹಿಡಿದುಕೊಂಡೆ.

"ಹಾಗಂದ್ರೆ ಏನೋ?"

"ಎಲ್ಲ ಅಳಿಸಿ ಮೊದಲಿಂದ ಹಾಕೋದು ಅತ್ತೆ."

"ನಿಮ್ಮಾವನ ದನೀನೂ ಹೋಗತ್ತಾ?"

"ಉಳಿಸೋಕೆ ನೋಡ್ತೀನಿ. ಗ್ಯಾರಂಟಿ ಕೊಡಲ್ಲ."

ಗ್ಯಾರಂಟಿ ಕೊಡದವನು ಕೈ ಯಾಕೆ ಹಾಕಿದನೋ! ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ತಮ್ಮನ ಮಗ ತಾನಾಗಿ ಬಂದು ಹೊಸ ವಿಂಡೋಸ್ ಹಾಕಿಕೊಡುತ್ತೇನೆ ಎಂದಾಗ ಹಿಗ್ಗಿ ಹೀರೇಕಾಯಿಯಾಗಿದ್ದವಳು ನಾನೇ. ಹಾಕಿದ್ದೇ ತಡ, ಕಂಪ್ಯೂಟರು ಮೂಕಾಯಿತು.

ನಮ್ಮ ಯಜಮಾನರು ಪಟ್ಟಾಭಿರಾಮ. ಪೀಣ್ಯದ ಕಡೆಯ ಸರ್ಕಾರಿ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತೇ ಆಯುಸ್ಸು ಕಳೆದವರು. ಗಂಟಲಿನ ಕ್ಯಾನ್ಸರಿಗೆಂದು ಡಾಕ್ಟರು ಅವರ ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಟ್ಟರು. ಈಗ ನನ್ನನ್ನು ಚಪ್ಪಾಳೆ ತಟ್ಟಿ ಕರೆಯುತ್ತಾರೆ. ಆಪರೇಷನ್ನಿನ ಹಿಂದಿನ ದಿನ ಇದೇ ಶ್ರೀಕರ್ ಅವರನ್ನು ಮೈಕಿನ ಮುಂದೆ ಕೂರಿಸಿ ಮಾತು ರೆಕಾರ್ಡ್ ಮಾಡಿಕೊಂಡಿದ್ದ. ಆ ದನಿ ಫ್ಲಾಪಿಯಲ್ಲಿ ಹಿಡಿಸಲಿಲ್ಲ. ಆಮೇಲೆ ಸೀಡಿ ಮಾಡಿಕೊಡುತ್ತೇನೆ ಎಂದವನು ಮರೆತ. ಹಾಗಾಗಿ ಅದು ಇರುವುದು ಈ ಡಬ್ಬಿಯೊಳಗೆ ಮಾತ್ರ. ನಾನು ಅದನ್ನು ಹಾಕಿದಾಗಲೆಲ್ಲ ಅವರು ಚಪ್ಪಲಿ ಮೆಟ್ಟಿ ಹೊರಗೆ ಹೋಗಿಬಿಡುತ್ತಾರೆ.

ಇವತ್ತು ಮಾತ್ರ ಹೋಗದೆ ಬಾಗಿಲ ಬಳಿ ಕುಳಿತಿದ್ದರು.

"ಸೌಂಡ್ ಕಾರ್ಡಿಗೂ ಮೋಡೆಮ್ಮಿಗೂ ಜಗಳ ಅತ್ತೆ. ಎರಡೂ ಒಂದೇ ಜಾಗ ಕೇಳ್ತಿವೆ," ಎಂದ ಶ್ರೀಕರ್. ಪರದೆಯ ಮೇಲೆ, ಏನೋ ಕೆಟ್ಟಿದೆ ಎನ್ನುವ ಹಳದಿ ಗುರುತೊಂದು ನನ್ನನ್ನೇ ದಿಟ್ಟಿಸುತ್ತಿತ್ತು. ಮೋಡೆಮ್ ಕಿತ್ತ. ಆದರೂ ಸದ್ದಿಲ್ಲ. ಏನೇನೋ ಅಳಿಸಿ ಮತ್ತೆ ಹಾಕಿದ. ಯಂತ್ರ ಸತ್ತು ಹುಟ್ಟುವಾಗಲೆಲ್ಲ ನಾನು ದೇವರಿಗೆ ಹೊಸ ಹರಕೆ ಹೊರುತ್ತಿದ್ದೆ. ಒಂದು ಸಲ ಪರದೆ ಕಪ್ಪಾಗಿ ಹಾಗೇ ನಿಂತುಬಿಟ್ಟಾಗ ನಾನು ಅತ್ತೇಬಿಟ್ಟೆ.

"ಫಾರ್ಮ್ಯಾಟೇ ಗತಿ," ಎಂದು ಅವನು ಸೀಡಿ ಕೈಗೆತ್ತಿಕೊಂಡ.

"ಮುಟ್ಟಿದ್ರೆ ನೋಡು! ಮೊದಲು ಆ ಕಾರ್ಡನ್ನಾದ್ರೂ ಬಿಚ್ಚಿ ನೋಡೋ."

ಗೊಣಗುತ್ತ ಸೌಂಡ್ ಕಾರ್ಡನ್ನು ಹೊರಗೆಳೆದ. ಅದರ ಅಂಚಿನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಒಣಗಿದ ಗಂಧ, ಗಂಧದ ಮೇಲೆ ಕುಂಕುಮ.

"ಇದೇನು ಮಾವ?"

ಯಜಮಾನರು ಹಣೆ ಚಚ್ಚಿಕೊಂಡರು. ಮೊನ್ನೆ ಆಯುಧಪೂಜೆ. ಕಾರ್ಖಾನೆಯ ಪದ್ಧತಿಯಂತೆ ಯಂತ್ರ ಬಿಚ್ಚಿ, ಒರೆಸಿ, ಹೊಳೆಯುವ ಭಾಗಕ್ಕೇ ಗಂಧ ಹಚ್ಚಬೇಕು. ಲೇತಿಗೆ ಹಚ್ಚಿದಂತೆ ಇದಕ್ಕೂ ಭಕ್ತಿಯಿಂದ ಹಚ್ಚಿದ್ದರು. ಮಂಗಳಾರತಿ ಎತ್ತಿದವಳು ನಾನು. ಕುಂಬಳಕಾಯಿ ಒಡೆಯುವ ಗಡಿಬಿಡಿಯಲ್ಲಿ ಆಮೇಲೆ ಯಾರೂ ಡಬ್ಬಿ ಚಾಲೂ ಮಾಡಿರಲಿಲ್ಲ. ಪಾಪ, ಹೊಸ ವಿಂಡೋಸನ್ನು ಸುಮ್ಮನೆ ಶಪಿಸಿದ್ದೆವು.

ಶ್ರೀಕರ್ ರಬ್ಬರಿನಿಂದ ಹಲ್ಲುಗಳನ್ನು ಉಜ್ಜಿ, ಕಾರ್ಡನ್ನು ಒಳಗೆ ಒತ್ತಿ, ಡಬ್ಬಿ ಚಾಲೂ ಮಾಡಿದ. ಹಳದಿ ಗುರುತು ಹೋಯಿತು. ನನ್ನ ಹೆದರಿಕೆ ಹೋಗಲಿಲ್ಲ. ಇಷ್ಟೆಲ್ಲ ಬಿಚ್ಚಿ ಜೋಡಿಸುವುದರಲ್ಲಿ ದನಿಯೇ ಅಳಿಸಿಹೋಗಿದ್ದರೆ? ಮೌಸ್ ಮೇಲಿಟ್ಟ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಯಜಮಾನರು ಎದ್ದು ಬಂದು ತಾವೇ ಒತ್ತಿದರು.

ಕರಕರ ಸದ್ದು. ಆಮೇಲೆ ಒಂದು ಕೆಮ್ಮು.

"ಈ ಡಬ್ಬಿ ಮುಂದೆ ಏನು ಮಾತಾಡ್ಲೋ ಶ್ರೀಕರಾ? ವಾಸಂತೀ, ಹೆದರ್ಕೋಬೇಡ ಕಣೇ. ನನಗೇನೂ ಆಗಲ್ಲ. ಒಂದ್ ಲೋಟ ಕಾಫಿ ಕೊಡು, ಸಕ್ಕರೆ ಕಮ್ಮಿ."

ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಮಾತು ಮುಗಿದರೂ ಅವರು ಹೊರಗೆ ಹೋಗಲಿಲ್ಲ. ಮೌಸ್ ಎಳೆದುಕೊಂಡು ಮತ್ತೆ ಮೊದಲಿನಿಂದ ಹಾಕಿದರು. "ಹೆದರ್ಕೋಬೇಡ ಕಣೇ" ಎಂಬಲ್ಲಿಗೆ ಬಂದಾಗ ಅವರು ನನ್ನತ್ತ ತಿರುಗಿ, ಆ ದನಿಯ ಜೊತೆಗೇ ತುಟಿ ಆಡಿಸಿದರು.