ಖಾಲಿ ನಳಿಗೆಯ ಪರೀಕ್ಷೆ

ತುದೋಸೆ ಪ್ರೊಫೆಸರರು ಕೋಪ ಬಂದರೆ ಕೂಗಾಡುವವರಲ್ಲ, ಉಡುಗೊರೆ ಕೊಡುವವರು. ಪ್ಲೊಯೆಷ್ತಿ ಊರಿನ ಅವರ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ ಅನಿಲ ಅಳೆಯುವ ಯಂತ್ರ ನೋಡಿಕೊಂಡ ನನಗೆ ಇದು ಚೆನ್ನಾಗಿ ಗೊತ್ತು.

ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಸ್ಮರಾಂದಾ ಒಮ್ಮೆ ತುಂಬಿದ ಸಭೆಯಲ್ಲಿ ಅವರ ಅಂಕಿಯೊಂದು ತಪ್ಪೆಂದು ತೋರಿಸಿಬಿಟ್ಟಳು. ಎಲ್ಲರೂ ನಕ್ಕರು. ಅವರೂ ನಕ್ಕರು. ಮರುದಿನ ತಮ್ಮ ಹಳೆಯ ಉಕ್ಕಿನ ನಳಿಗೆಯನ್ನು ಅವಳ ಕೈಗಿಟ್ಟರು.

“ತಗೋ ಮಗಳೇ. ನಿನ್ನ ಗಾಜಿನ ನಳಿಗೆ ಯಾವತ್ತಿದ್ರೂ ಒಡೆಯೋದೇ. ಇದು ನನ್ನ ಅದೃಷ್ಟದ್ದು.”

ಅವಳ ಕೆಲಸ ಇಷ್ಟು: ಕಾದ ನಳಿಗೆಯಲ್ಲಿ ವೆನೇಡಿಯಂ ಆಕ್ಸೈಡಿನ ಪುಡಿ ತುಂಬಿ, ಪ್ರೊಪೇನ್ ಅನಿಲ ಹಾಯಿಸಿ, ಪ್ಲಾಸ್ಟಿಕ್ಕಿಗೆ ಬೇಕಾದ ಪ್ರೊಪಿಲೀನ್ ಪಡೆಯುವುದು. ಪುಡಿಯಿಲ್ಲದ ಖಾಲಿ ನಳಿಗೆಯಲ್ಲಿ ಏನೂ ಆಗುವುದಿಲ್ಲವೆಂದು ಮೊದಲು ತೋರಿಸಬೇಕು. ಗಾಜಿನದರಲ್ಲಿ ತೋರಿಸಿದ್ದಳು. ಇದರಲ್ಲೂ ಮಾಡಲೇ ಎಂದು ಕೇಳಿದಳು.

“ಒಂದ್ಸಲ ಮಾಡಿದೀಯಲ್ಲ, ಸಾಕು ಬಿಡು,” ಎಂದರು.

ನಳಿಗೆ ತೊಳೆದವನು ನಾನು. ಅವರು ಹತ್ತು ವರ್ಷ ಅದರಲ್ಲಿ ಮಾಡಿದ ಪ್ರಯೋಗಗಳ ಕ್ರೋಮಿಯಂ ಒಳಗೋಡೆಗೆ ಹಸಿರಾಗಿ ಹತ್ತಿಕೊಂಡಿತ್ತು, ಉಜ್ಜಿದರೂ ಬಿಡಲಿಲ್ಲ. ಅವಳ ಪುಡಿಯಿಂದ ಆಗಬೇಕಾದ ಕೆಲಸವನ್ನು ಆ ಹಸಿರೇ ಮಾಡಿಬಿಡುತ್ತದೆ. ಪ್ರೊಫೆಸರರಿಗೆ ಹೋಗಿ ಹೇಳಿದೆ.

“ಸಾಂಡು, ನಿನ್ನ ನಿವೃತ್ತಿಗೆ ಇನ್ನೆಷ್ಟು ವರ್ಷ?”

“ನಾಲ್ಕು ಸಾರ್.”

“ಹಾಗಾದ್ರೆ ಬಾಯಿ ಮುಚ್ಕೊಂಡು ಕೆಲಸ ನೋಡು.”

ಮುಚ್ಚಿಕೊಂಡೆ. ನಾನು ಹೇಡಿ, ಅದನ್ನೀಗ ಮರೆಮಾಚಿ ಏನಾಗಬೇಕು?

ಎರಡು ವರ್ಷದ ಮೇಲೆ ಪದವಿ ಸಮಿತಿಯ ನಾಲ್ವರು ಪ್ರಯೋಗ ಕಣ್ಣಾರೆ ನೋಡಲು ಬಂದರು. ಪಾಸಾದರೆ ಸ್ಮರಾಂದಾಗೆ ಅಲ್ಲೇ ಕಾಯಂ ಹುದ್ದೆ. ಅವಳಮ್ಮ ಕೊಜೊನಾಕ್ ಮಾಡಿ ಕಳಿಸಿದ್ದಳು, ಆಕ್ರೋಡು ತುಂಬಿದ ಸಿಹಿ ಬ್ರೆಡ್ಡು. ನೂರಕ್ಕೆ ಮೂವತ್ತು ಭಾಗ ಪ್ರೊಪಿಲೀನ್ ಬಂತು. ಸಮಿತಿಯವರು ತಲೆದೂಗಿದರು.

ತುದೋಸೆ ಎರಡನೇ ಚೂರು ಬ್ರೆಡ್ಡು ಮೆಲ್ಲುತ್ತಾ, “ಈಗ ಪುಡಿ ತೆಗೆದು ಒಂದ್ಸಲ ಹಾಯಿಸು ಮಗಳೇ. ಸುಮ್ನೆ, ಇವರ ಸಮಾಧಾನಕ್ಕೆ,” ಎಂದರು.

ಅವಳು ನಗುತ್ತಲೇ ಒಪ್ಪಿದಳು. ನಳಿಗೆ ತಣ್ಣಗಾಗಿಸಿ, ಖಾಲಿ ಮಾಡಿ, ಮತ್ತೆ ಕಾಯಿಸುವಷ್ಟರಲ್ಲಿ ಎಲ್ಲರ ಊಟ ಮುಗಿದಿತ್ತು. ಅಂಕಿ ಓದಬೇಕಾದವನು ನಾನೇ.

“ಇಪ್ಪತ್ತೊಂಬತ್ತು.”

“ಇನ್ನೊಂದ್ಸಲ ನೋಡಿ ಮಾಮ,” ಎಂದಳು ಸ್ಮರಾಂದಾ.

ಮೂರು ಸಲ ನೋಡಿದೆ. ಇಪ್ಪತ್ತೊಂಬತ್ತೇ.

“ಅಯ್ಯೋ, ನಿನ್ನ ಪುಡಿಯ ಕೆಲಸವನ್ನೆಲ್ಲ ನನ್ನ ಕಬ್ಬಿಣವೇ ಮಾಡಿದೆಯಲ್ಲಮ್ಮ! ನಳಿಗೆ ಬದಲಾದ್ಮೇಲೆ ಖಾಲಿ ಪರೀಕ್ಷೆ ಮತ್ತೆ ಮಾಡ್ಬೇಕು ಅಂತ ಯಾರೂ ಹೇಳ್ಕೊಡ್ಲಿಲ್ವಾ?”

ಸಮಿತಿಯವರು ಬಿದ್ದು ಬಿದ್ದು ನಕ್ಕರು. ಗುರುಗಳೇ ಬೇಡ ಎಂದಿದ್ದರು ಎಂದು ಅವಳು ಹೇಳಿದರೆ ಅಲ್ಲಿ ನಂಬುವವರು ಯಾರು? ಪದವಿ ಹೋಯಿತು, ಅದರ ಹಿಂದೆ ಹುದ್ದೆಯೂ ಹೋಯಿತು.

ಎಲ್ಲರೂ ಹೊರಟ ಮೇಲೆ ಅವಳು ನನ್ನ ಯಂತ್ರದ ಪಕ್ಕ ಬಂದು ನಿಂತಳು.

“ಅವರಿಗೆ ಮೊದಲಿಂದ್ಲೂ ಗೊತ್ತಿತ್ತು ಮಾಮ. ಇಲ್ಲಿ ನನಗೆ ಅಂತ ಇದ್ದೋರು ನೀವೊಬ್ರೇ. ನಿಮಗೆ ಗೊತ್ತಾಗಿದ್ರೆ ಒಂದು ಮಾತು ಹೇಳ್ತಿದ್ರಿ, ಅಲ್ವಾ?”

“ಹೇಳ್ದೆ ಇರ್ತೀನಾ ಮಗಳೇ,” ಎಂದೆ.