ಬೈಕ್ ಒರೆಸುವ ಬಟ್ಟೆ

ನನ್ನ ಗಂಡನ ಅಣ್ಣ ಮಹಾಂತೇಶ್ ನನ್ನ ಮಗಳು ನಯನಾಳ ಈಜುಡುಗೆಯಿಂದ ಬೈಕ್ ಒರೆಸಿದ ದಿನದಿಂದ ನಾನು ಹಲ್ಲು ಕಚ್ಚಿಕೊಂಡೇ ಇದ್ದೆ. ನಯನಾ ಈಜಿನಲ್ಲಿ ಜಿಲ್ಲಾ ಮಟ್ಟಕ್ಕೆ ಆಯ್ಕೆಯಾಗಿದ್ದಳು. "ನಮ್ಮ ಮನೀ ಹೆಣ್ಣುಮಕ್ಕಳು ನೀರಿಗೆ ಬೀಳಂಗಿಲ್ಲ," ಎಂದು ಭಾವ ಕ್ಲಾಸು ಬಿಡಿಸಿದರು. ಆನೆಕೊಂಡದ ನಮ್ಮ ಮನೆಯಲ್ಲಿ ಸೊಸೆಯರು ಭಾವನ ಎದುರು ಮಾತಾಡುವಂತಿಲ್ಲ. ಏನಿದ್ದರೂ ಅತ್ತೆಯ ಮೂಲಕ ಹೇಳಿಸಬೇಕು. ಅತ್ತೆ ಹೇಳಲಿಲ್ಲ. ಗಂಡನಂತೂ ಅಣ್ಣನ ಮುಂದೆ ಬಾಯಿ ಬಿಡುವವರಲ್ಲ. ನಾನು ಹರಿಹರದವಳು, ಹೊಳೆಯಲ್ಲಿ ಈಜಿ ಬೆಳೆದವಳು. ಹೊಟ್ಟೆ ಉರಿಯುತ್ತಿತ್ತು. ಬೈಕಿನ ಸೀಟಿನಡಿಯಿಂದ ಆ ಬಟ್ಟೆ ತೆಗೆದು ನನ್ನ ಬ್ಯಾಗಿನಲ್ಲಿ ಇಟ್ಟುಕೊಂಡೆ. ನನಗೂ ಒಂದು ಕಾಲ ಬರುತ್ತದೆ ಅಂದುಕೊಂಡೆ.

ದಸರಾ ರಜೆಗೆ ಮನೆಮಂದಿಯೆಲ್ಲ ಟೆಂಪೊ ಮಾಡಿಕೊಂಡು, ಮಂಡಕ್ಕಿ ಚೀಲ ಹೇರಿಕೊಂಡು, ಘಟ್ಟದ ರಾಷ್ಟ್ರೀಯ ಉದ್ಯಾನಕ್ಕೆ ಹೋದೆವು. ಜಲಪಾತದ ಕೆಳಗೆ ದೊಡ್ಡ ಮಡು. ಸ್ನಾನಕ್ಕೆ ಇಳಿಯುವವರಿಗೆಂದು ಅರಣ್ಯದವರು ಹಗ್ಗ ಕಟ್ಟಿದ್ದರು. ಅದರಾಚೆ ಆಳ.

"ಹಗ್ಗ ದಾಟ್ಬೇಡಿ ಸಾರ್," ಎಂದ ಗಾರ್ಡ್.

"ಕೊಂಡಜ್ಜಿ ಕೆರಿಯಾಗ ಈಜಿದೋನು ನಾನು. ನನಗ ಹೇಳ್ತೀಯ?"

ಭಾವ ಹಗ್ಗ ದಾಟಿದರು. ಕಾಲಿಗೆ ನೆಲ ತಪ್ಪಿತು. ಮುಳುಗಿದರು, ಎದ್ದರು, ಕೈ ಬಡಿಯತೊಡಗಿದರು. ಅವರಿಗೆ ಈಜು ಬರುವುದಿಲ್ಲವೆಂದು ನಮಗೆಲ್ಲ ಗೊತ್ತಾದದ್ದೇ ಆಗ. ಗಾರ್ಡ್ ಟ್ಯೂಬ್ ತರಲು ಓಡಿದ. ನಯನಾ ಚಪ್ಪಲಿ ಬಿಟ್ಟು ಧುಮುಕಲು ಹೊರಟಳು.

ನಾನು ಅವಳ ರಟ್ಟೆ ಹಿಡಿದೆ.

"ಭಾವಾರೆ," ಎಂದು ಕೂಗಿದೆ. ಅವರ ಮುಖ ನೋಡಿ ನಾನಾಡಿದ ಮೊದಲ ಮಾತು ಅದು. "ನಮ್ಮ ಮನೀ ಹುಡುಗಿ ನೀರಿಗೆ ಬೀಳಬೌದೇನ್ರಿ?"

ಅತ್ತೆ ಎದೆ ಬಡಿದುಕೊಂಡರು. "ಏನ್ ಕೇಳ್ತೀಯೇ, ಬಿಡೇ ಅವಳ್ನ."

"ಕೇಳ್ಕಂಡೇ ಬೀಳ್ಲಿ ಅತ್ತೆ. ಮನೀ ಪದ್ಧತಿ ಐತಲ್ಲ."

ಭಾವ ಇನ್ನೊಂದು ಗುಟುಕು ನೀರು ಕುಡಿದರು. ನನಗೆ ಕರುಣೆ ಬರಲಿಲ್ಲ. ನಿಜ ಹೇಳುತ್ತೇನೆ, ಹೊಟ್ಟೆ ತಣ್ಣಗಾಯಿತು.

"ಬೀಳ್ಲಿ... ಬೀಳ್ಲವ್ವಾ..." ಎಂದು ನೀರಿನಿಂದಲೇ ಕೂಗಿದರು ಭಾವ.

ರಟ್ಟೆ ಬಿಟ್ಟೆ. ನಯನಾ ಧುಮುಕಿ, ಹಿಂದಿನಿಂದ ಹೋಗಿ, ಜುಟ್ಟು ಹಿಡಿದು ದೊಡ್ಡಪ್ಪನನ್ನು ದಡಕ್ಕೆ ಎಳೆದು ತಂದಳು.

ಬಂಡೆಯ ಮೇಲೆ ಕೂತು ಕೆಮ್ಮುತ್ತಿದ್ದವರ ಕೈಗೆ ಬ್ಯಾಗಿನಿಂದ ಬಟ್ಟೆ ತೆಗೆದು ಕೊಟ್ಟೆ. ಮುಖ ಒರೆಸಿಕೊಂಡರು. ಆಯಿಲ್ ವಾಸನೆ ಮೂಗಿಗೆ ಬಡಿದಿರಬೇಕು, ಬಿಡಿಸಿ ನೋಡಿದರು.

"ಇದು ಬೈಕ್ ಒರೆಸೋದು," ಅಂದರು ಮೆಲ್ಲಗೆ.

"ಹೌದ್ರಿ. ಆಕಿಗೆ ಹೊಸದು ನೀವೇ ತಂದು ಕೊಡ್ರಿ."

ಅದನ್ನೂ ಅತ್ತೆಯ ಮೂಲಕ ಹೇಳಿಸಲಿಲ್ಲ.