ಒಡೆಯನ ಕೀಲಿಕೈ

ಬೀಗ ರಿಪೇರಿಯವರು ಕೈಯಲ್ಲಿ ಅರ ಹಿಡಿದುಕೊಂಡೇ ಹೇಳುವ ಕಥೆಯಿದು. ಯಾರು ಹೇಳಿದರೂ, ಅರ ಉಜ್ಜುವ ಸದ್ದು ಕಥೆಯ ಒಂದು ಜಾಗಕ್ಕೆ ಬಂದಾಗ ತಾನಾಗಿ ನಿಲ್ಲುತ್ತದೆ.

ಇಬ್ಬರು ಅಣ್ಣತಮ್ಮಂದಿರು. ಅಪ್ಪನಿಂದ ಬಂದ ಬೀಗದ ಅಂಗಡಿ: ಒಂದು ಇಕ್ಕಟ್ಟು ಕೋಣೆ, ಗೋಡೆಯ ತುಂಬ ಮೊಳೆಗಳಿಗೆ ನೇತುಬಿದ್ದ ಕೀಲಿಗಳು, ಕಬ್ಬಿಣದ ಪುಡಿ ಮೆತ್ತಿಕೊಂಡ ಮೇಜು. ಆ ಮನೆತನಕ್ಕೊಂದು ಕಟ್ಟಳೆಯಿತ್ತು. ಕೀಲಿ ಕಳೆದುಕೊಂಡವರು ಬಂದರೆ ಹಲ್ಲಿಲ್ಲದ ಖಾಲಿ ಕೀಲಿಯನ್ನು ಬೀಗದೊಳಗೆ ತೂರಿಸಿ, ತಿರುಗಿಸಿ, ಕೀಲಿಯ ಮೇಲೆ ಎಲ್ಲಿ ಗೀರು ಬಿತ್ತೆಂದು ನೋಡಿ, ಅಲ್ಲಿ ಅರದಿಂದ ಉಜ್ಜಿ, ಮತ್ತೆ ತೂರಿಸಿ ಹೊಸ ಕೀಲಿಯನ್ನೇ ಮಾಡಿಕೊಡಬೇಕು. ಅರ್ಧ ದಿನ ಹಿಡಿದರೂ ಸರಿಯೇ. ತಂತಿ ಹಾಕಿ ಮಾತ್ರ ತೆರೆಯುವಂತಿಲ್ಲ. ಕೀಲಿಯಿಂದ ತೆರೆದವನು ಬೀಗದವನು, ತಂತಿಯಿಂದ ತೆರೆದವನು ಕಳ್ಳ; ನಡುವೆ ಇನ್ನೊಂದು ಜಾತಿಯಿಲ್ಲ ಎಂದು ಅಪ್ಪ ಹೇಳಿದ್ದ. ಅಣ್ಣ ಅದನ್ನು ಉಸಿರಿನ ಹಾಗೆ ಪಾಲಿಸುತ್ತಿದ್ದ. ಬೀದಿಯಲ್ಲಿ ಅವನಿಗೆ ಬೀಗದಣ್ಣ ಎಂದೇ ಹೆಸರು.

ತಮ್ಮನ ಬೆರಳುಗಳು ಬೇರೆ ಹದದವು. ಒಂದು ದಿನ ಅಣ್ಣ ಹೊರಗೆ ಹೋಗಿದ್ದಾಗ ನೆರೆಯ ಹೆಂಗಸೊಬ್ಬಳು ಓಡಿಬಂದಳು. ಮನೆಯೊಳಗೆ ಒಲೆ ಉರಿಯುತ್ತಿತ್ತು, ಗಾಳಿಗೆ ಬಾಗಿಲು ಬಿದ್ದು ಬೀಗ ಕಚ್ಚಿಕೊಂಡಿತ್ತು. ತಮ್ಮ ಎರಡು ತಂತಿ ಬಗ್ಗಿಸಿ ತೂರಿಸಿದ; ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಬಾಗಿಲು ತೆರೆದಿತ್ತು.

ಸಂಜೆ ಬಂದ ಅಣ್ಣ ಎಲ್ಲ ಕೇಳಿಸಿಕೊಂಡ. ಮರುದಿನ ಬೆಳಗ್ಗೆ ಆ ತಂತಿಗಳೆರಡನ್ನೂ ದಾರಕ್ಕೆ ಕಟ್ಟಿ ತಮ್ಮನ ಕೊರಳಿಗೆ ಹಾಕಿದ. ಅಂಗಡಿಯ ಮುಂದೆ, ಬಿಸಿಲಿನಲ್ಲಿ, ಬಾಗಿಲು ಹಾಕುವತನಕ ನಿಲ್ಲಿಸಿದ.

"ಮುಖ ಸರಿಯಾಗಿ ನೋಡ್ಕೊಳ್ಳಿ," ಎಂದು ಹೋಗಿ ಬರುವವರಿಗೆಲ್ಲ ಹೇಳಿದ. "ನಾಳೆ ನಿಮ್ಮನೇಲಿ ಏನಾದ್ರೂ ಕಾಣೆಯಾದ್ರೆ ನನ್ನ ಕೇಳ್ಬೇಡಿ, ಇವನನ್ನ ಕೇಳಿ."

ಒಲೆ ಆರಿಸಿಕೊಂಡಿದ್ದ ಹೆಂಗಸೂ ತಲೆ ತಗ್ಗಿಸಿ ದಾಟಿಹೋದಳು. ಅತ್ತಿಗೆ ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತಿದ್ದಳು. ತಾಯಿ ಸತ್ತ ಮೇಲೆ ತಮ್ಮನಿಗೆ ತುತ್ತಿಟ್ಟು ಬೆಳೆಸಿದವಳು ಅವಳೇ. ಆಗ ಅವಳಿಗೆ ಧ್ವನಿಯಿತ್ತು, ಬಾಯಿ ಬಿಡಲಿಲ್ಲ. ತಮ್ಮನ ಎದೆಯಲ್ಲಿ ಅಣ್ಣನ ಮಾತಿಗಿಂತ ಅತ್ತಿಗೆಯ ಆ ಮೌನವೇ ಆಳಕ್ಕೆ ಇಳಿಯಿತು. ಸಂಜೆ ಅಣ್ಣ, "ಈ ಹೊಸಿಲು ಇನ್ನು ನಿನಗಿಲ್ಲ," ಎಂದ. ಬೀದಿಯವರು ಅವನಿಗೆ ಸೂಜಿ ಎಂದು ಹೆಸರಿಟ್ಟರು. ಆ ಹೆಸರನ್ನು ಹೊತ್ತುಕೊಂಡೇ ಅವನು ಅದೇ ಬೀದಿಯ ಆ ತುದಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟ.

ವರ್ಷಗಳು ಉರುಳಿದವು. ಅತ್ತಿಗೆಯ ಗಂಟಲಿಗೆ ರೋಗ ಹತ್ತಿತು. ಜೀವ ಉಳಿಯಬೇಕಾದರೆ ಧ್ವನಿ ಹೋಗಬೇಕು ಎಂದರು ಡಾಕ್ಟರು. ಆಪರೇಶನ್ನಿಗೆ ಮುಂಚೆ ಅವಳು ಕೋಣೆಯ ಕದ ಹಾಕಿಕೊಂಡು ಕೂತು, ಇನ್ನು ಬದುಕಿರುವಷ್ಟು ಕಾಲ ತಾನು ಆಡಬೇಕಾದೀತು ಎನಿಸಿದ ಮಾತುಗಳನ್ನೆಲ್ಲ ಫೋನಿನ ಆ್ಯಪೊಂದರಲ್ಲಿ ಹೇಳಿಟ್ಟಳು. ಪರದೆಯ ಮೇಲೆ ಒಂದೊಂದು ಮಾತಿಗೆ ಒಂದೊಂದು ಚೌಕ. ಒತ್ತಿದರೆ ಅವಳದೇ ಧ್ವನಿ. "ರೀ, ಕೊಡೆ ಮರೀಬೇಡಿ." "ಈ ತರಕಾರಿ ಬಾಡಿದೆ, ಬೇರೆ ಕೊಡಪ್ಪ." "ಸಾಕು, ಸುಮ್ನಿರಿ." ಈ ಕೊನೆಯ ಚೌಕವೇ ಹೆಚ್ಚು ಸವೆದಿದೆಯೆಂದು ಬೀಗದಣ್ಣನೂ ನಗುತ್ತಿದ್ದ. ಅವಳು ಹೀಗೆ ಜಗಳವಾಡಿದಳು, ಚೌಕಾಸಿ ಮಾಡಿದಳು, ಹರಟೆ ಹೊಡೆದಳು. ಫೋನು ಅವಳ ಕೈಬಿಟ್ಟು ಇರುತ್ತಿರಲಿಲ್ಲ.

ಹೀಗಿರುವಾಗ ಆ ಆ್ಯಪಿನ ಕಂಪನಿ ಮುಳುಗಿತು. ಸ್ವಲ್ಪ ದಿನಗಳಲ್ಲಿ ಆ್ಯಪು ನಿಂತುಹೋಗುವುದೆಂದು ಪರದೆಯ ಮೇಲೆ ಸೂಚನೆ ಬಂತು. ಮಾತುಗಳೆಲ್ಲ ಫೋನಿನೊಳಗೇ ಇವೆ, ಒಟ್ಟಾಗಿ ಹೊರಕ್ಕೆ ತೆಗೆಯಲು ದಾರಿಯಿಲ್ಲ; ಅಷ್ಟೊಂದು ಚೌಕಗಳನ್ನು ಒಂದೊಂದಾಗಿ ಒತ್ತಿ ಬೇರೆ ಫೋನಿಗೆ ತುಂಬಿಸಲು ಉಳಿದ ದಿನಗಳು ಸಾಲವು. ಅತ್ತಿಗೆ ಸೂಜಿಯ ಅಂಗಡಿಯ ಮೆಟ್ಟಿಲು ಹತ್ತಿದಳು.

"ಒಂದು ಸಹಾಯ ಆಗ್ಬೇಕಿತ್ತು," ಎಂದಿತು ಫೋನು.

"ಕೂತ್ಕೊಳ್ಳಿ ಅತ್ತಿಗೆ," ಎಂದ ಸೂಜಿ. ತನ್ನ ಧ್ವನಿ ಅಷ್ಟು ಸಲೀಸಾಗಿ ಬಂದದ್ದು ಅವನಿಗೇ ಆಶ್ಚರ್ಯ.

ಅವನ ಅಂಗಡಿಗೂ ಒಂದು ರೂಢಿಯಿತ್ತು. ರಿಪೇರಿಗೆ ಬಂದ ಯಾವ ಫೋನನ್ನಾದರೂ ಮುಟ್ಟುವ ಮುಂಚೆ, ಅದು ಯಾವ ಸ್ಥಿತಿಯಲ್ಲಿತ್ತು ಎಂಬುದಕ್ಕೆ ಗಿರಾಕಿಯ ಕೈಯಲ್ಲೇ ಒಮ್ಮೆ ನಡೆಸಿ ವಿಡಿಯೋ ತೆಗೆದಿಟ್ಟುಕೊಳ್ಳುವುದು. ಆಮೇಲೆ ತಕರಾರು ಬರಬಾರದು. ಅವನು ತನ್ನ ಫೋನು ಎತ್ತಿ ಹಿಡಿದು, "ಯಾವುದಾದ್ರೂ ಒಂದು ಒತ್ತಿ," ಎಂದ. ಅತ್ತಿಗೆ ಚೌಕಗಳನ್ನು ಸರಿಸುತ್ತ, ಸರಿಸುತ್ತ, ಎಲ್ಲಕ್ಕಿಂತ ಕೆಳಗಿದ್ದ ಒಂದನ್ನು ಒತ್ತಿದಳು.

"ಮರೀ, ಬಾ, ತಟ್ಟೆ ಹಾಕಿದೀನಿ. ಆರಿಹೋಗತ್ತೆ."

ಮರಿ ಎಂದು ಅವನನ್ನು ಕರೆಯುತ್ತಿದ್ದವಳು ಲೋಕದಲ್ಲಿ ಅವಳೊಬ್ಬಳೇ. ಹೊಸಿಲು ಮುಚ್ಚಿ ಎಷ್ಟೋ ಕಾಲವಾದ ಮೇಲೆ, ಧ್ವನಿ ಕಳೆದುಕೊಳ್ಳುವ ಮುನ್ನ, ಅವಳು ಇದನ್ನೂ ಹೇಳಿಟ್ಟಿದ್ದಳು. ಹೇಳಿಟ್ಟು ಇಷ್ಟು ದಿನ ಒಮ್ಮೆಯೂ ಒತ್ತಿರಲಿಲ್ಲ. ಇನ್ನೊಮ್ಮೆ ಒತ್ತಿ ಎನ್ನಲು ಹೊರಟ ಸೂಜಿ. ಆ ಒತ್ತದೆ ಉಳಿದ ದಿನಗಳು ನೆನಪಾದವು, ವಿಡಿಯೋ ನಿಲ್ಲಿಸಿದ.

"ಇದಕ್ಕೆ ಫೋನು ರೂಟ್ ಮಾಡ್ಬೇಕು," ಎಂದ. "ಒಳಗೊಂದು ಉಗ್ರಾಣ ಇರತ್ತೆ ಅತ್ತಿಗೆ, ಕಂಪನಿಯವರು ಫೋನು ಕೊಂಡವರಿಗೂ ಅದರ ಕೀಲಿ ಕೊಟ್ಟಿರಲ್ಲ. ಅದನ್ನ ತೆರೆಯೋ ಕೆಲಸ. ಯಾವ ದಾರೀಲಿ ತೆರೀಬೇಕು ಅಂತ ಅಣ್ಣನೇ ಬಂದು ಆರಿಸ್ಲಿ. ಬೀಗದ ಮಾತು, ಅವನಿಗೆ ಗೊತ್ತಾಗತ್ತೆ."

ದಾರಿ ಎರಡಿದ್ದವು. ಆ ಹಳೆಯ ಮಾದರಿಯ ಫೋನಿನೊಳಗೆ ಕಂಪನಿ ಮುಚ್ಚಲು ಮರೆತ ಒಂದು ಬಿರುಕಿತ್ತು. ಆ ಬಿರುಕಿನಲ್ಲಿ ನುಸುಳುವ ಸಣ್ಣ ಪ್ರೋಗ್ರಾಮು ಸೂಜಿಯ ಬಳಿಯಿತ್ತು. ಅದು ಒಂದು ಅಕ್ಷರವೂ ಅಳಿಯದಂತೆ ಉಗ್ರಾಣವನ್ನು ತೆರೆಯುತ್ತದೆ. ಇಂಥ ಫೋನುಗಳನ್ನು ಅವನು ಎಷ್ಟೋ ಸಲ ಹಾಗೆ ತೆರೆದಿದ್ದ. ಇನ್ನೊಂದು, ಫೋನು ಮಾಡಿದ ಕಂಪನಿಗೇ ಬರೆದು ಕೇಳಿ, ಅವರು ಕಳಿಸುವ ಸಂಖ್ಯೆಯಿಂದ ತೆರೆಯುವುದು. ಆದರೆ ಕದ್ದ ಫೋನಿನ ಗುಟ್ಟು ಕಳ್ಳನಿಗೆ ಸಿಗಬಾರದೆಂದು ಕಂಪನಿ ಒಂದು ಏರ್ಪಾಡು ಮಾಡಿತ್ತು: ಆ ಸಂಖ್ಯೆ ಹಾಕಿ ತೆರೆದೊಡನೆ ಒಳಗಿದ್ದುದೆಲ್ಲ ಅಳಿದುಹೋಗುತ್ತದೆ. ಅತ್ತಿಗೆಯ ಮಾತು ಉಳಿಯಬೇಕಾದರೆ ಇದ್ದದ್ದು ಒಂದೇ ದಾರಿ. ಸೂಜಿಗೆ ಅದು ಅಂಗೈ ಗೆರೆಯಷ್ಟು ಸ್ಪಷ್ಟವಾಗಿ ಗೊತ್ತಿತ್ತು.

ಬೀಗದಣ್ಣ ಬಂದ. ಒಳಗೆ ಕಾಲಿಡದೆ ಮೆಟ್ಟಿಲ ಮೇಲೆ ನಿಂತ.

"ಎಷ್ಟು ದಾರಿ ಇದೆ?"

"ಎರಡು. ಒಂದು, ಬೀಗ ಮಾಡಿದವರನ್ನೇ ಕೇಳೋದು. ಫೋನು ಯಾರದು, ಯಾಕೆ ತೆರೀಬೇಕು ಅಂತೆಲ್ಲ ಕೇಳ್ತಾರೆ, ಕಾಯಿಸ್ತಾರೆ. ಆಮೇಲೆ ಅವರೇ ನಂಬರು ಕಳಿಸ್ತಾರೆ. ಒಡೆಯನ ಕೀಲಿಕೈ ಅನ್ಕೋ."

"ಇನ್ನೊಂದು?"

ಸೂಜಿ ಮೇಜಿನ ಮೇಲಿನ ಸ್ಕ್ರೂಗಳನ್ನು ಡಬ್ಬಿಗೆ ತುಂಬುತ್ತ, ತಲೆ ಎತ್ತದೆ ಹೇಳಿದ: "ಇನ್ನೊಂದು ತಂತಿ."

ಬೀಗದಣ್ಣನ ಮೂಗಿನ ಹೊಳ್ಳೆಗಳು ಅರಳಿದವು. "ಮಾಡಿದವನೇ ಕೀಲಿ ಕೊಡ್ತಾನೆ ಅಂದ್ಮೇಲೆ ತಂತಿ ಮಾತು ಯಾಕೆ ಬಂತು?"

"ಕೇಳ್ದೆಯಲ್ಲ, ಹೇಳ್ದೆ. ಆರಿಸೋದು ನಿನ್ನಿಷ್ಟ."

"ಕೀಲೀಲೇ ಆಗ್ಲಿ. ನಮ್ಮನೇಲಿ, ನನ್ನ ಕಣ್ಣೆದುರಿಗೆ ಆಗ್ಬೇಕು. ನಿನ್ನ ಕೈಗೆ ಕೊಟ್ಟು ಹೋಗೋಕೆ ನನಗೆ ಮರೆವಿನ ಕಾಯಿಲೆ ಇಲ್ಲ. ಇನ್ನೊಂದು ತಿಳ್ಕೋ, ಕೆಲಸಕ್ಕೆ ಕರೀತಿದೀನಿ, ತಮ್ಮ ಅಂತಲ್ಲ."

ಅಣ್ಣನ ಬೆನ್ನು ಮರೆಯಾಗುವವರೆಗೆ ಸೂಜಿ ನೋಡಿದ. ತಾನು ಒಂದು ಸುಳ್ಳೂ ಆಡಿರಲಿಲ್ಲ. ಆ ಮನುಷ್ಯನ ಕೊರಳಿಗೆ ಅವನದೇ ಕಟ್ಟಳೆಯನ್ನು ದಾರ ಕಟ್ಟಿ ತೂಗುಹಾಕಿದಂತಾಗಿತ್ತು. ಸೂಜಿಯ ಹೊಟ್ಟೆ ತಣ್ಣಗಾಯಿತು. ಕಂಪನಿಗೆ ತಾನೇ ಬರೆದ. ಸಂಖ್ಯೆ ಬರುವವರೆಗೂ ಅವನಿಗೆ ಒಳ್ಳೆಯ ನಿದ್ದೆ ಬಂತು.

ಸಂಖ್ಯೆ ಬಂದ ಮಧ್ಯಾಹ್ನ ಸೂಜಿ ಲ್ಯಾಪ್‌ಟಾಪ್ ಹಿಡಿದು ಆ ಹೊಸಿಲು ದಾಟಿದ. ಊಟದ ಮೇಜಿನ ಮೇಲೆ ಅಣ್ಣ ಹಳೆಯ ಟವೆಲು ಹಾಸಿದ್ದ. ಕಷ್ಟದ ಬೀಗ ಬಿಚ್ಚುವಾಗ ಹಾಸುವಂಥದು. ಸೂಜಿ ವಯರು ಚುಚ್ಚಿ, ಸಂಖ್ಯೆ ಹಾಕಿದ. ಫೋನಿನ ಪರದೆ ಕಪ್ಪಾಗಿ, ಅದರ ಮೇಲೆ ಸಣ್ಣ ಅಕ್ಷರಗಳಲ್ಲಿ ಒಂದು ಎಚ್ಚರಿಕೆ ಮೂಡಿತು. ಅದು ಅಣ್ಣನಿಗೆ ಓದಲು ಬಾರದ ಭಾಷೆ. ಪಕ್ಕದ ಗುಂಡಿ ಒತ್ತಿ 'ಹೌದು' ಎಂಬುದಕ್ಕೆ ಸರಿಸಿ, ಮೇಲಿನ ಗುಂಡಿ ಒತ್ತಿದರೆ ಕೆಲಸ ಮುಗಿಯಿತು ಎಂದ ಸೂಜಿ.

"ನಾನೇ ಒತ್ತುತೀನಿ," ಎಂದು ಅಣ್ಣ ಫೋನು ತೆಗೆದುಕೊಂಡ.

ಅಷ್ಟರಲ್ಲಿ ಅತ್ತಿಗೆ ಅಡುಗೆಮನೆಯಿಂದ ಬಂದು ಮೇಜಿನ ಆ ಕೊನೆಗೆ ಮೂರನೆಯ ತಟ್ಟೆಯೊಂದನ್ನು ಇಟ್ಟು ಬಡಿಸಿದಳು. ಬಡಿಸಿ, ಅಭ್ಯಾಸಬಲದಿಂದ ಸೊಂಟದ ಚೀಲಕ್ಕೆ ಕೈ ಹಾಕಿದಳು. ಫೋನು ಅಲ್ಲಿರಲಿಲ್ಲ. ತನ್ನ ಮರೆವಿಗೆ ತಾನೇ ನಕ್ಕು, ಸೂಜಿಯತ್ತ ತಿರುಗಿ, ಧ್ವನಿಯಿಲ್ಲದ ತುಟಿಗಳಿಂದ ಆ ಮಾತನ್ನೇ ಆಡಿದಳು. ಮರೀ, ಬಾ.

ಇಷ್ಟು ದಿನ ಬಿಗಿದಿಟ್ಟ ಏನೋ ಸೂಜಿಯೊಳಗೆ ಕಳಚಿತು.

"ಅಣ್ಣ, ನಿಲ್ಲು. ಒತ್ತಬೇಡ."

"ಯಾಕೆ?"

"ಈ ಕೀಲೀಲಿ ತೆರೆದ್ರೆ ಒಳಗಿರೋದೆಲ್ಲ ಅಳಿಸಿಹೋಗತ್ತೆ. ಅತ್ತಿಗೆ ಮಾತು ಒಂದೂ ಉಳಿಯಲ್ಲ. ಇನ್ನೊಂದು ದಾರೀಲೇ ಆಗ್ಬೇಕು. ಇಲ್ಲೇ, ಈಗ್ಲೇ ಮಾಡಿಕೊಡ್ತೀನಿ."

ಅಣ್ಣ ಅವನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಗಿರಾಕಿ ತಂದ ಬೀಗ ಅವನದೇ ಹೌದೋ ಅಲ್ಲವೋ ಎಂದು ತೂಗಿ ನೋಡುವ ನೋಟ.

"ಮತ್ತೆ ಆವತ್ತು ಯಾಕೆ ಹೇಳ್ಲಿಲ್ಲ?"

ಅರದ ಸದ್ದು ನಿಲ್ಲುವುದು ಇಲ್ಲಿ. ಸೂಜಿ ಒಂದೇ ಮಾತು ಆಡಿದ್ದರೆ ಸಾಕಿತ್ತು: ನಿನ್ನ ಮನೆ ಹಾಳಾಗಲಿ ಅಂತ ಬೇಕೆಂದೇ ಹೇಳಲಿಲ್ಲ. ಅಣ್ಣ ನಂಬುತ್ತಿದ್ದ, ತಮ್ಮನ ಕೆಟ್ಟತನವನ್ನು ನಂಬಲು ಅವನಿಗೆ ಯಾವ ತೊಂದರೆಯೂ ಇರಲಿಲ್ಲ. ಆದರೆ ಎದುರಿಗೆ ತಟ್ಟೆಯಿಂದ ಹಬೆ ಏಳುತ್ತಿತ್ತು. ಅತ್ತಿಗೆ ಅವನ ಬಾಯನ್ನೇ ನೋಡುತ್ತಿದ್ದಳು. ಸೂಜಿಯ ನಾಲಗೆ ಏಳಲಿಲ್ಲ.

"ಉತ್ತರ ಇಲ್ಲ ಅಲ್ವಾ," ಎಂದ ಅಣ್ಣ. "ನನಗೊತ್ತು. ನನ್ನ ಮನೇಲಿ, ನನ್ನ ಮೇಜಿನ ಮೇಲೆ ತಂತಿ ಹಾಕ್ಬೇಕು. ಆಮೇಲೆ ಬೀದಿಗೆ ಹೋಗಿ ಬೀಗದಣ್ಣನೂ ಕೊನೆಗೆ ತಂತಿಗೇ ಬಂದ ಅನ್ಬೇಕು. ಅದಕ್ಕೇ ತಾನೇ ಇಷ್ಟು ದಿನ ಕಾದಿದ್ದು?"

"ಅದರ ಮೇಲೇ ಬರೆದಿದೆ ಅಣ್ಣ, ಓದಿಸು ಯಾರ ಹತ್ರಾದ್ರೂ."

"ಎಲ್ಲ ಬೀಗದ ಡಬ್ಬಿ ಮೇಲೂ ಬರೆದಿರ್ತಾರೆ, ಹೆದರೋರಿಗೆ."

ಅತ್ತಿಗೆಗೆ ಆ ಅಕ್ಷರ ಬರುತ್ತಿತ್ತು. ಅವಳು ಗಂಡನ ಭುಜದ ಮೇಲಿಂದ ಬಾಗಿ ಪರದೆ ನೋಡಿದಳು, ಮುಖ ಬಿಳುಪೇರಿತು. ಆಡಬೇಕಾದ ಮಾತು ಅವಳ ಬಳಿಯಿತ್ತು, 'ರೀ, ಬೇಡ' ಎಂಬ ಚೌಕವನ್ನು ಅವಳೇ ಹೇಳಿಟ್ಟಿದ್ದಳು. ಆ ಚೌಕ ಗಂಡನ ಕೈಯಲ್ಲಿ, ಆ ಕಪ್ಪು ಪರದೆಯ ಹಿಂದೆ ಇತ್ತು. ಅವಳು ಮೇಜು ಬಡಿದಳು, ಅವನ ತೋಳು ಜಗ್ಗಿದಳು.

"ತಡಿ ಮಾರಾಯ್ತಿ, ನಿನ್ನ ಧ್ವನೀನೇ ತೆಗೀತಿದೀನಿ," ಎಂದು ಬೀಗದಣ್ಣ, ಬೀಗಕ್ಕೆ ಬಾಗುವಂತೆ ಫೋನಿನ ಮೇಲೆ ಬೆನ್ನು ಬಗ್ಗಿಸಿ, ಗುಂಡಿ ಒತ್ತಿದ.

ಫೋನು ಆರಿತು. ಬಹಳ ಹೊತ್ತು ತೆಗೆದುಕೊಂಡು ಹೊತ್ತಿತು. ಹೊಸ ಫೋನಿನ ಬಣ್ಣಬಣ್ಣದ ಪರದೆ ಬಂದು, ಸ್ವಾಗತ ಹೇಳಿ, ನಿಮ್ಮ ಭಾಷೆಯನ್ನು ಆರಿಸಿಕೊಳ್ಳಿ ಎಂದು ಕೇಳಿತು.

"ಇವಳ ಚೌಕಗಳೆಲ್ಲಿ?"

"ಹೋದವು," ಎಂದ ಸೂಜಿ.

ಬೀಗದಣ್ಣ ಪರದೆಯನ್ನು ಹೆಬ್ಬೆರಳಿನಿಂದ ಒರೆಸಿದ, ಮತ್ತೆ ಒರೆಸಿದ. ಫೋನನ್ನು ಟವೆಲಿನ ಮೇಲಿಟ್ಟು ಅಂಚುಗಳನ್ನು ಮಡಿಚಿದ. ಕಡೆಗೆ, ಯಾರಿಗೂ ಅಲ್ಲದಂತೆ, "ತಂತಿಯಂತೂ ಹಾಕ್ಲಿಲ್ಲ," ಎಂದ.

ಅತ್ತಿಗೆ ಗಂಡನನ್ನು ನೋಡಲಿಲ್ಲ. ಆವತ್ತು ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಗೆ ಸೂಜಿ ನುಂಗಿದ ಉತ್ತರ ಅವಳಿಗೆ ಸಿಕ್ಕಿತ್ತು. ಅವಳು ಹೋಗಿ ಆ ಮೂರನೆಯ ತಟ್ಟೆ ಎತ್ತಿಕೊಂಡು, ಬಡಿಸಿದ್ದನ್ನು ಪಾತ್ರೆಗೆ ಮರಳಿ ಸುರಿದು, ತಟ್ಟೆ ತೊಳೆದು ಬೋರಲು ಹಾಕಿದಳು. ಸೂಜಿ ವಯರು ಸುತ್ತಿಕೊಂಡು ಎದ್ದ. ಆ ಮನೆಯಲ್ಲಿ ಅವನು ಆಡಿದ ಒಂದೇ ಒಂದು ನಿಜವಾದ ಮಾತಿಗೆ ಬೆಲೆ ಬಂದಿರಲಿಲ್ಲ, ಆ ಕಹಿಯನ್ನೇ ಅವನು ಹೊತ್ತುಕೊಂಡು ಹೋದ.

ಕೆಲವು ದಿನಗಳ ಮೇಲೆ ಅತ್ತಿಗೆಗೆ ವಿಡಿಯೋ ನೆನಪಾಯಿತು. ಅವಳು ಬಂದು ಕೌಂಟರಿನ ಮೇಲೆ ಬೆರಳಿನಿಂದ ಚೌಕ ಬರೆದು, ಸೂಜಿಯ ಫೋನನ್ನು ತೋರಿಸಿ, ಕೈ ಚಾಚಿದಳು. ಬೀಗದಣ್ಣ ಹಿಂದೆಯೇ ಬಂದು ಮೆಟ್ಟಿಲ ಮೇಲೆ ನಿಂತಿದ್ದ.

"ಇದೆ," ಎಂದ ಸೂಜಿ. "ಕೊಡ್ತೀನಿ. ಅಣ್ಣ ಒಂದು ಮಾತು ಹೇಳ್ಲಿ. ತಂತೀನೇ ಸರಿಯಿತ್ತು ಅಂತ. ಬೀದಿಗೆ ತಿರುಗಿ, ನಾಲ್ಕು ಜನಕ್ಕೆ ಕೇಳೋ ಹಾಗೆ. ನಾನು ಇಡೀ ದಿನ ನಿಂತಿದ್ದೆ, ಅವನು ಒಂದು ಗಳಿಗೆ ನಿಂತ್ರೆ ಸಾಕು."

ಅತ್ತಿಗೆ ಗಂಡನತ್ತ ತಿರುಗಿದಳು.

"ಏನಿದೆ ಅದರಲ್ಲಿ?" ಎಂದು ಬೀಗದಣ್ಣ ಕೇಳಿದ.

ಸೂಜಿ ಒತ್ತಿದ. "ಮರೀ, ಬಾ, ತಟ್ಟೆ ಹಾಕಿದೀನಿ. ಆರಿಹೋಗತ್ತೆ."

ಬೀಗದಣ್ಣ ಕೊನೆಯವರೆಗೂ ಕೇಳಿದ.

"ಇದ್ದದ್ದು ಒಂದು ಮಾತು, ಅದೂ ಅವನನ್ನ ಕರೆಯೋದು," ಎಂದ. "ನಮ್ಮನೇಲಿ ಅದಕ್ಕೇನು ಕೆಲಸ? ಬಾ ಹೋಗೋಣ."

ಅತ್ತಿಗೆ ಇಬ್ಬರ ನಡುವೆ, ಚಾಚಿದ ಕೈ ಚಾಚಿದಂತೆಯೇ, ಸ್ವಲ್ಪ ಹೊತ್ತು ನಿಂತಿದ್ದಳು. ಇಬ್ಬರಲ್ಲಿ ಒಬ್ಬರೂ ಅಲುಗಲಿಲ್ಲ. ಅವಳು ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮೆಟ್ಟಿಲು ಇಳಿದಳು.

ಈಗ ಬೀಗದಣ್ಣನ ಮನೆಯಲ್ಲಿ ಊಟದ ಹೊತ್ತಿಗೆ ಅತ್ತಿಗೆ ಗಂಡನನ್ನು ಕರೆಯಲು ತಟ್ಟೆಯ ಮೇಲೆ ಸೌಟು ಬಡಿದ ಸದ್ದು ಕೇಳಿಸುತ್ತದೆ. ಬೀದಿಯ ಆ ತುದಿಯಲ್ಲಿ ಸೂಜಿ ಅಂಗಡಿಯ ಶಟರು ಅರ್ಧ ಇಳಿಸಿ, ಡಬ್ಬಿ ಬಿಚ್ಚಿ, ತಣ್ಣಗಿನ ಬುತ್ತಿಗೆ ಕೈ ಹಾಕುವ ಮುಂಚೆ ತನ್ನ ಫೋನಿನಲ್ಲಿ ಆ ವಿಡಿಯೋವನ್ನು ಒಮ್ಮೆ ಒತ್ತುತ್ತಾನೆ. ಅಕ್ಕಪಕ್ಕದ ಅಂಗಡಿಯವರು ನಗುತ್ತಾರೆ: "ಸೂಜಿಗೆ ಕರೆ ಬಂತು, ನಾವೂ ಏಳೋಣ." ಅತ್ತಿಗೆ ಪೇಟೆಗೆ ಹೋಗಬೇಕಾದರೆ ಆ ಬೀದಿಯಲ್ಲೇ ಹಾಯಬೇಕು. ಆ ಹೊತ್ತಿನಲ್ಲಿ ಮಾತ್ರ ಅವಳು ಹಿಂದಿನ ಓಣಿಗಳಲ್ಲಿ ಸುತ್ತು ಹಾಕಿಕೊಂಡು ಹೋಗುತ್ತಾಳೆ.